ಆಕಾಶದಿಂದ ನೀರಿನ ಮೇಲೆ ಕಣ್ಣು: ದೂರಸಂವೇದನೆ ಮತ್ತು ಜಲಪರಿಸರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಪಗ್ರಹವು ನೀರಿನಲ್ಲಿ ನಿಜವಾಗಿ ಅಳೆಯುವುದು ಏನನ್ನು?

ಬೆಳಕನ್ನು. ಈ ಉತ್ತರವನ್ನು ಮೊದಲೇ ಕೊಟ್ಟುಬಿಡುವುದು ಒಳ್ಳೆಯದು; ಮುಂದೆ ಬರುವ ಬಹುಪಾಲು ಗೊಂದಲಗಳ ಬೇರು ಇಲ್ಲಿಯೇ ಇದೆ. ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸಂವೇದಕಕ್ಕೆ ಪಾಚಿಯೂ ಗೊತ್ತಿಲ್ಲ, ಹೂಳೂ ಗೊತ್ತಿಲ್ಲ. ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ತನ್ನ ಕಡೆಗೆ ಬಂತು ಎಂಬ ಲೆಕ್ಕ ಮಾತ್ರ ಅದರ ಬಳಿ ಇರುತ್ತದೆ. ರಾಡಾರ್ ಆದರೆ ತಾನೇ ಕಳಿಸಿದ ಮೈಕ್ರೋತರಂಗ ಎಷ್ಟು ಮರಳಿತು, ಎಷ್ಟು ಹೊತ್ತಿಗೆ ಮರಳಿತು ಎಂದು ನೋಡುತ್ತದೆ. ಉಷ್ಣ ಸಂವೇದಕವು ನೀರಿನ ಮೇಲ್ಮೈ ಹೊರಸೂಸುವ ಶಾಖದ ಕಿರಣವನ್ನು ಹಿಡಿಯುತ್ತದೆ. ‘ಲೀಟರಿಗೆ 20 ಮೈಕ್ರೋಗ್ರಾಂ ಕ್ಲೋರೊಫಿಲ್’ ಎಂದು ನಕ್ಷೆಯ ಮೇಲೆ ಕಾಣುವ ಅಂಕಿ ಈ ಬೆಳಕಿನಿಂದ ಹಲವು ಮೆಟ್ಟಿಲು ದಾಟಿ ತಲುಪಿದ ಅಂದಾಜು. ಒಂದೊಂದು ಮೆಟ್ಟಿಲಿನಲ್ಲೂ ಒಂದಿಷ್ಟು ತಪ್ಪು ಸೇರಿಕೊಳ್ಳುತ್ತದೆ. ಆ ತಪ್ಪು ಎಷ್ಟೆಂದು ಗೊತ್ತಿರುವವರೆಗೆ ಅಂದಾಜಿಗೆ ಬೆಲೆಯಿದೆ.

ಹಾಗಾದರೆ ಬೆಳಕಿನಿಂದ ನೀರಿನ ಗುಣ ತಿಳಿಯುವುದು ಹೇಗೆ?

ನೀರಿನಲ್ಲಿರುವ ಪ್ರತಿಯೊಂದು ವಸ್ತುವೂ ಬೆಳಕನ್ನು ತನ್ನದೇ ರೀತಿಯಲ್ಲಿ ಹೀರುತ್ತದೆ ಮತ್ತು ಚದುರಿಸುತ್ತದೆ. ತಿಳಿಯಾದ ಆಳವಾದ ನೀರು ಕೆಂಪು ಬೆಳಕನ್ನು ಹೀರಿಕೊಂಡು ನೀಲಿಯನ್ನು ಹಿಂದಕ್ಕೆ ಕಳಿಸುವುದರಿಂದ ನಮಗೆ ನೀಲಿಯಾಗಿ ಕಾಣುತ್ತದೆ. ಕೆಂಪಿನಾಚೆಗಿನ, ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನಂತೂ ಅದು ಬಹುತೇಕ ಪೂರ್ತಿ ನುಂಗಿಬಿಡುತ್ತದೆ. ಪಾಚಿಯಲ್ಲಿರುವ ಕ್ಲೋರೊಫಿಲ್ ಸುಮಾರು 440 ನ್ಯಾನೊಮೀಟರ್‌ನ ನೀಲಿಯನ್ನೂ 670 ನ್ಯಾನೊಮೀಟರ್‌ನ ಆಸುಪಾಸಿನ ಕೆಂಪನ್ನೂ ಹೀರಿ, ಹಸಿರನ್ನು ಬಿಟ್ಟುಕೊಡುತ್ತದೆ. ಪಾಚಿ ದಟ್ಟವಾದಾಗ 700ರಿಂದ 710 ನ್ಯಾನೊಮೀಟರ್ ನಡುವೆ ಪ್ರತಿಫಲನದ ಒಂದು ಚೂಪಾದ ಉಬ್ಬು ಏಳುತ್ತದೆ. ಒಳನಾಡಿನ ನೀರಿನಲ್ಲಿ ಕೆಲಸ ಮಾಡುವವರು ಮೊದಲು ಹುಡುಕುವುದು ಆ ಉಬ್ಬನ್ನೇ, ಏಕೆಂದರೆ ಕದಡಿದ ನೀರಿನಲ್ಲಿ ನೀಲಿ ಮತ್ತು ಹಸಿರಿನ ಅನುಪಾತ ಬೇಗ ದಾರಿ ತಪ್ಪಿಸುತ್ತದೆ.

ನೀಲಿಹಸಿರು ಪಾಚಿ ಎಂದು ನಾವು ಕರೆಯುವ ಸಯನೋಬ್ಯಾಕ್ಟೀರಿಯಾದಲ್ಲಿ ಫೈಕೋಸಯನಿನ್ ಎಂಬ ಇನ್ನೊಂದು ವರ್ಣದ್ರವ್ಯವಿದ್ದು, ಅದು 620 ನ್ಯಾನೊಮೀಟರ್ ಹತ್ತಿರ ಬೆಳಕು ಹೀರುತ್ತದೆ. ಸಾಧಾರಣ ಪಾಚಿಯನ್ನು ವಿಷಕಾರಿಯಾಗಬಲ್ಲ ಪಾಚಿಯಿಂದ ಬೇರ್ಪಡಿಸಲು ಇದೊಂದು ಒಳ್ಳೆಯ ಸುಳಿವು. ಹೂಳು ಮತ್ತು ಜೇಡಿಕಣಗಳು ಹೀರುವುದಕ್ಕಿಂತ ಚದುರಿಸುವುದು ಹೆಚ್ಚು, ಹಾಗಾಗಿ ಬಗ್ಗಡ ಹೆಚ್ಚಿದಷ್ಟೂ ಕೆಂಪು ಮತ್ತು ಸಮೀಪ ಅವಕೆಂಪಿನಲ್ಲಿ ನೀರು ಬೆಳಗುತ್ತದೆ. ಕೊಳೆತ ಎಲೆಯಿಂದ, ಜೌಗು ಮಣ್ಣಿನಿಂದ ಇಳಿದುಬರುವ ಕರಗಿದ ಸಾವಯವ ವಸ್ತು ನೀರಿಗೆ ಚಹಾದ ಬಣ್ಣ ಕೊಟ್ಟು ನೀಲಿಯನ್ನು ಕಬಳಿಸುತ್ತದೆ. ತೆರೆದ ಸಾಗರದಲ್ಲಿ ಪಾಚಿಯೊಂದೇ ಮುಖ್ಯ ಪಾತ್ರಧಾರಿಯಾಗಿರುವುದರಿಂದ ಲೆಕ್ಕ ಸುಲಭ. ಕೆರೆ, ನದಿ, ಅಳಿವೆಗಳಲ್ಲಿ ಈ ಮೂರೂ ಒಟ್ಟಿಗೆ ಇದ್ದು, ಒಂದರ ಗುರುತನ್ನು ಇನ್ನೊಂದು ಮರೆಮಾಡುತ್ತದೆ.

ಉಪಗ್ರಹಕ್ಕೆ ಕಾಣದಿರುವುದು ಯಾವುದು?

ಬೆಳಕಿನ ಮೇಲೆ ಗುರುತು ಬಿಡದ ಯಾವುದೂ ನೇರವಾಗಿ ಕಾಣುವುದಿಲ್ಲ. ನೈಟ್ರೇಟ್, ಫಾಸ್ಫೇಟ್, ಕರಗಿದ ಆಮ್ಲಜನಕ, ಆಮ್ಲೀಯತೆ, ಸೀಸ, ಪಾದರಸ, ಆರ್ಸೆನಿಕ್, ಕೀಟನಾಶಕದ ಶೇಷ, ರೋಗಕಾರಕ ಬ್ಯಾಕ್ಟೀರಿಯಾ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ನೀರು ಕನ್ನಡಿಯಂತೆ ತಿಳಿಯಾಗಿದ್ದು ಕುಡಿಯಲು ಅಪಾಯಕಾರಿಯಾಗಿರಬಹುದು. ಉಪಗ್ರಹ ಅದನ್ನು ಶುದ್ಧ ಎಂದೇ ತೋರಿಸುತ್ತದೆ.

ಆದರೂ ‘ಉಪಗ್ರಹದಿಂದ ಒಟ್ಟು ರಂಜಕದ ನಕ್ಷೆ’ ಎಂಬಂಥ ಶೀರ್ಷಿಕೆಗಳನ್ನು ನೀವು ನೋಡಿರಬಹುದು. ಅಲ್ಲಿ ನಡೆಯುವುದು ಇಷ್ಟು: ಒಂದು ಕೆರೆಯಲ್ಲಿ ರಂಜಕವು ಹೂಳಿಗೆ ಅಂಟಿಕೊಂಡು ಬರುತ್ತಿದ್ದರೆ, ಅಥವಾ ಪಾಚಿಯ ಒಡಲಲ್ಲೇ ಸೇರಿಕೊಂಡಿದ್ದರೆ, ಹೂಳು ಅಥವಾ ಪಾಚಿಯ ಅಂದಾಜಿನ ಮೂಲಕ ರಂಜಕವನ್ನೂ ಊಹಿಸಬಹುದು. ಆ ಸಂಬಂಧ ಆ ಕೆರೆಗೆ, ಆ ಋತುವಿಗೆ ಸೀಮಿತ. ಪಕ್ಕದ ಕೆರೆಗೆ ಅದೇ ಸೂತ್ರವನ್ನು ಹೊತ್ತುಕೊಂಡು ಹೋದರೆ ಹೊರಬರುವ ಅಂಕಿಗೆ ಅರ್ಥವಿರುವುದಿಲ್ಲ. ಇಂಥ ನಕ್ಷೆ ಕಂಡಾಗ ಸೂತ್ರವನ್ನು ಯಾವ ನೀರಿನಲ್ಲಿ ಕಟ್ಟಿದ್ದು ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು.

ಎಷ್ಟು ಆಳದವರೆಗೆ ಕಾಣುತ್ತದೆ?

ನೀರು ಎಷ್ಟು ತಿಳಿಯೋ ಅಷ್ಟು. ಇಟಲಿಯ ಆಂಜೆಲೊ ಸೆಚ್ಚಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅವು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತಿಸಿದರು. ಇಂದಿಗೂ ಪ್ರತಿಯೊಂದು ಸಂಶೋಧನಾ ದೋಣಿಯಲ್ಲಿ ಅವರ ಹೆಸರಿನ ತಟ್ಟೆ ಇದ್ದೇ ಇರುತ್ತದೆ. ನೀರಿನೊಳಗಿಂದ ಉಪಗ್ರಹಕ್ಕೆ ಸಿಗುವ ಬೆಳಕಿನ ಬಹುಪಾಲು ಬರುವುದು ಆ ತಟ್ಟೆ ಮರೆಯಾಗುವ ಆಳಕ್ಕಿಂತ ಮೇಲಿನ ಪದರದಿಂದಲೇ. ಬಗ್ಗಡದ ಜಲಾಶಯದಲ್ಲಿ ಇದು ಅರ್ಧ ಮೀಟರ್ ಇರಬಹುದು, ತಿಳಿಯಾದ ಸಾಗರದಲ್ಲಿ ಹತ್ತಾರು ಮೀಟರ್. ಕೆಳಪದರದಲ್ಲಿ ಆಮ್ಲಜನಕ ಮುಗಿದು ಮೀನು ಉಸಿರುಗಟ್ಟುತ್ತಿದ್ದರೆ ಆ ಸುದ್ದಿ ಚಿತ್ರದಲ್ಲಿ ಬರುವುದಿಲ್ಲ. ಆಳವಿಲ್ಲದ ತಿಳಿನೀರಿನಲ್ಲಿ ಇದಕ್ಕೆ ತದ್ವಿರುದ್ಧ ತೊಂದರೆ: ತಳದ ಮರಳೂ ಜಲಸಸ್ಯವೂ ಬೆಳಕನ್ನು ಹಿಂದಿರುಗಿಸಿ, ಇಲ್ಲದ ಹೂಳನ್ನೋ ಪಾಚಿಯನ್ನೋ ಇದೆಯೆಂದು ತೋರಿಸುತ್ತವೆ.

ವಾತಾವರಣದ ತಿದ್ದುಪಡಿ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೇಕೆ ಅಷ್ಟು ಮಹತ್ವ?

ನೀರಿನ ಮೇಲೆ ಹಾದುಹೋಗುವ ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ನೀರಿನೊಳಗಿಂದ ಬಂದದ್ದು ಸಾಮಾನ್ಯವಾಗಿ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ಉಳಿದದ್ದು ಗಾಳಿಯ ಅಣುಗಳು, ಧೂಳು, ಹೊಗೆ ಚದುರಿಸಿದ ಬೆಳಕು ಮತ್ತು ನೀರಿನ ಮೇಲ್ಮೈಯಲ್ಲಿ ಮಿನುಗಿದ ಬಿಸಿಲು. ಹತ್ತು ರೂಪಾಯಿಯಲ್ಲಿ ಒಂಬತ್ತನ್ನು ಕಳೆದು ಉಳಿದ ಒಂದರಲ್ಲಿ ವ್ಯವಹಾರ ಮಾಡುವ ಸ್ಥಿತಿ ಇದು. ಕಳೆಯುವ ಒಂಬತ್ತರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕೈಯಲ್ಲಿ ಉಳಿಯುವುದು ಏನೇನೋ ಆಗಿಬಿಡುತ್ತದೆ.

ಸಾಗರಕ್ಕಾಗಿ ರೂಪಿಸಿದ ಹಳೆಯ ವಿಧಾನವು ಸಮೀಪ ಅವಕೆಂಪಿನಲ್ಲಿ ನೀರು ಪೂರ್ತಿ ಕಪ್ಪು ಎಂದು ಭಾವಿಸಿಕೊಂಡು, ಅಲ್ಲಿ ಕಂಡ ಬೆಳಕನ್ನೆಲ್ಲ ವಾತಾವರಣದ ಖಾತೆಗೆ ಹಾಕುತ್ತದೆ. ಬಗ್ಗಡದ ನೀರಿನಲ್ಲಿ ಈ ಎಣಿಕೆ ಕುಸಿಯುತ್ತದೆ, ಏಕೆಂದರೆ ಅಲ್ಲಿ ಹೂಳೂ ಅವಕೆಂಪಿನಲ್ಲಿ ಬೆಳಗುತ್ತಿರುತ್ತದೆ. ವಿಧಾನವು ಹೂಳನ್ನು ಧೂಳೆಂದು ತಿಳಿದು ಅಗತ್ಯಕ್ಕಿಂತ ಹೆಚ್ಚು ಕಳೆದು, ನೀಲಿಯಲ್ಲಿ ಋಣಾತ್ಮಕ ಪ್ರತಿಫಲನ ಕೊಡುತ್ತದೆ. ಭೌತಿಕವಾಗಿ ಅಸಾಧ್ಯವಾದ ಇಂಥ ಅಂಕಿ ಕಂಡರೆ ಅದು ಒಂದು ಲೆಕ್ಕದಲ್ಲಿ ಅದೃಷ್ಟವೇ, ತಪ್ಪು ತಾನಾಗಿಯೇ ಬಯಲಾಯಿತು. ಅಂಕಿ ಧನಾತ್ಮಕವಾಗಿಯೇ ಉಳಿದು ಸದ್ದಿಲ್ಲದೆ ತಪ್ಪಾದಾಗ ಕಷ್ಟ. ಈಗ ಒಳನಾಡು ಮತ್ತು ಕರಾವಳಿಯ ನೀರಿಗಾಗಿ ಅಕೊಲೈಟ್‌ನಂಥ ತಂತ್ರಾಂಶಗಳೂ, ಕಿರುತರಂಗ ಅವಕೆಂಪನ್ನು ಆಧರಿಸಿದ ವಿಧಾನಗಳೂ, ನರಜಾಲ ಆಧಾರಿತ ವಿಧಾನಗಳೂ ಬಳಕೆಯಲ್ಲಿವೆ. ಯಾವುದೂ ಎಲ್ಲ ಕಡೆಯೂ ಸೈ ಎನಿಸಿಕೊಂಡಿಲ್ಲ. ಭೂಬಳಕೆಯ ಅಧ್ಯಯನಕ್ಕೆಂದು ತಿದ್ದಿದ ಸಿದ್ಧ ಚಿತ್ರವನ್ನು ಹಾಗೆಯೇ ನೀರಿಗೆ ಬಳಸುವುದು, ನನ್ನ ಅನುಭವದಲ್ಲಿ, ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು.

ಯಾವ ಕೆಲಸಕ್ಕೆ ಯಾವ ಉಪಗ್ರಹ ಸೂಕ್ತ?

ಹರವು, ಸ್ಫುಟತೆ, ಮತ್ತೆ ಮತ್ತೆ ಬರುವ ವೇಗ, ಬಣ್ಣಗಳನ್ನು ಬಿಡಿಸಿ ನೋಡುವ ಸೂಕ್ಷ್ಮತೆ ಈ ನಾಲ್ಕನ್ನೂ ಒಂದೇ ಉಪಗ್ರಹದಿಂದ ಪಡೆಯಲಾಗದು. ಒಂದನ್ನು ಎಳೆದರೆ ಇನ್ನೊಂದು ಕಡೆ ಸಾಲದೆ ಬರುತ್ತದೆ. ಸಾಗರದ ಬಣ್ಣ ನೋಡಲೆಂದೇ 1978ರಲ್ಲಿ ನಿಂಬಸ್-7 ಉಪಗ್ರಹದಲ್ಲಿ ಹಾರಿದ ಮೊದಲ ಉಪಕರಣವು 1986ರವರೆಗೆ ದುಡಿಯಿತು. ಬಳಿಕ ಸೀವಿಫ್ಸ್, ಮೋಡಿಸ್, ಮೆರಿಸ್ ಎಂಬ ಉಪಕರಣಗಳೂ ಇಸ್ರೋದ ಓಶನ್‌ಸ್ಯಾಟ್ ಸರಣಿಯೂ ಬಂದವು. ಈಗ ದಿನನಿತ್ಯದ ನಿಗಾಕ್ಕೆ ಯುರೋಪಿನ ಸೆಂಟಿನೆಲ್-3 ಉಪಗ್ರಹಗಳ 21 ಬ್ಯಾಂಡ್‌ಗಳ, ಅಂದರೆ 21 ತರಂಗಾಂತರ ಪಟ್ಟಿಗಳ, ಉಪಕರಣ ಹೆಚ್ಚು ಬಳಕೆಯಲ್ಲಿದೆ. ಫೈಕೋಸಯನಿನ್ ಹಿಡಿಯಲು ಬೇಕಾದ 620 ನ್ಯಾನೊಮೀಟರ್ ಬ್ಯಾಂಡ್ ಅದರಲ್ಲಿದೆ, ಆದರೆ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚೌಕ, 300 ಮೀಟರ್.

ಸೆಂಟಿನೆಲ್-2ರ ಪಿಕ್ಸೆಲ್ ಬ್ಯಾಂಡಿಗೆ ತಕ್ಕಂತೆ 10, 20 ಅಥವಾ 60 ಮೀಟರ್. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗಕ್ಕೆ ಬರುತ್ತವೆ. ಅದರಲ್ಲಿ 705 ನ್ಯಾನೊಮೀಟರ್ ಬ್ಯಾಂಡ್ ಇದೆ, 620 ಇಲ್ಲ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ ಎಂಟು ದಿನಕ್ಕೊಮ್ಮೆ 30 ಮೀಟರ್ ಚಿತ್ರ ಕೊಡುತ್ತವೆ. ಅವುಗಳ ಹೆಚ್ಚುಗಾರಿಕೆ ಉಷ್ಣದ ಬ್ಯಾಂಡ್ ಮತ್ತು 1972ರಿಂದ ಕಡಿಯದೆ ಬಂದ ದಾಖಲೆ. 2024ರ ಫೆಬ್ರವರಿಯಲ್ಲಿ ಹಾರಿದ ನಾಸಾದ ಪೇಸ್ ಉಪಗ್ರಹವು ಬೆಳಕನ್ನು ಸುಮಾರು 5 ನ್ಯಾನೊಮೀಟರ್ ಎಳೆಗಳಾಗಿ ಬಿಡಿಸುವುದರಿಂದ ಪಾಚಿಯ ಬಗೆಗಳನ್ನು ಗುರುತಿಸುವ ಕೆಲಸಕ್ಕೆ ಹೊಸ ಬಲ ಬಂದಿದೆ, ಆದರೆ ಅದರ ಪಿಕ್ಸೆಲ್ ಒಂದು ಕಿಲೋಮೀಟರಿಗೂ ದೊಡ್ಡದು. 2010ರಲ್ಲಿ ಕೊರಿಯಾ ಭೂಸ್ಥಿರ ಕಕ್ಷೆಯಲ್ಲಿಟ್ಟ ಗೋಸಿ ಉಪಕರಣವು ಹಗಲಿನಲ್ಲಿ ಗಂಟೆಗೊಂದು ಚಿತ್ರ ತೆಗೆದು, ಉಬ್ಬರವಿಳಿತದೊಂದಿಗೆ ಹೂಳು ಹೇಗೆ ಅಲೆದಾಡುತ್ತದೆ ಎಂಬುದನ್ನು ಮೊದಲ ಬಾರಿಗೆ ತೋರಿಸಿಕೊಟ್ಟಿತು.

ಸಣ್ಣ ಕೆರೆಗಳನ್ನೂ ನೋಡಬಹುದೇ?

ದಡದಿಂದ ಎರಡು ಮೂರು ಪಿಕ್ಸೆಲ್ ಬಿಟ್ಟು ಒಳಗೆ ಕೈಬೆರಳೆಣಿಕೆಯಷ್ಟಾದರೂ ಅಪ್ಪಟ ನೀರಿನ ಪಿಕ್ಸೆಲ್‌ಗಳು ಉಳಿಯುವಂತಿದ್ದರೆ ನೋಡಬಹುದು. ಅಂಚಿನ ಪಿಕ್ಸೆಲ್‌ನಲ್ಲಿ ಅರ್ಧ ನೀರು, ಅರ್ಧ ಹುಲ್ಲು ಇರುತ್ತದೆ. ಅದಲ್ಲದೆ ಸುತ್ತಲಿನ ಹಸಿರು ನೆಲದಿಂದ ಚಿಮ್ಮಿದ ಬೆಳಕು ವಾತಾವರಣದಲ್ಲಿ ಚದುರಿ ನೀರಿನ ಪಿಕ್ಸೆಲ್‌ಗೂ ಬಂದು ಬೀಳುತ್ತದೆ.

ಮೋಡ ಕವಿದಿದ್ದರೆ ಏನು ಗತಿ?

ಬೆಳಕಿನ ಸಂವೇದಕಕ್ಕೆ ಗತಿಯಿಲ್ಲ. ಯಾವುದೇ ಕ್ಷಣದಲ್ಲಿ ಭೂಮಿಯ ಸುಮಾರು ಮೂರನೇ ಎರಡು ಭಾಗ ಮೋಡದಡಿ ಇರುತ್ತದೆ, ನೆರೆ ಬರುವುದೂ ಮೋಡ ಕವಿದಾಗಲೇ. ಆಗ ನೆರವಿಗೆ ಬರುವುದು ಸಂಶ್ಲೇಷಿತ ದ್ಯುತಿರಂಧ್ರದ ರಾಡಾರ್, ರೂಢಿಯ ಮಾತಿನಲ್ಲಿ ಸಾರ್. ಸೆಂಟಿನೆಲ್-1ರ ಸುಮಾರು ಐದೂವರೆ ಸೆಂಟಿಮೀಟರ್ ತರಂಗವು ಮೋಡವನ್ನೂ ಕತ್ತಲನ್ನೂ ಲೆಕ್ಕಿಸದೆ ನೆಲ ಮುಟ್ಟುತ್ತದೆ. ರಾಡಾರ್ ಓರೆಯಾಗಿ ನೋಡುವುದರಿಂದ ಶಾಂತವಾದ ನೀರು ಅದರ ತರಂಗವನ್ನು ಕನ್ನಡಿಯಂತೆ ಆಚೆಗೆ ಹೊರಳಿಸಿ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ, ಒರಟಾದ ನೆಲ ಬೆಳ್ಳಗೆ ಕಾಣುತ್ತದೆ. ಪ್ರವಾಹದ ನಕ್ಷೆಯ ಮೂಲ ಉಪಾಯ ಇಷ್ಟೇ.

ಉಪಾಯ ಸರಳವಾದರೂ ಬಲೆಗಳು ಬಹಳ. ಬಿರುಗಾಳಿ ಬೀಸಿ ನೀರು ಕಲಕಿದರೆ ಅದು ನೆಲದಂತೆ ಬೆಳಗುತ್ತದೆ. ನೀರು ನುಗ್ಗಿದ ಬೆಳೆ ಅಥವಾ ಮರಗಳ ನಡುವೆ ತರಂಗವು ಒಮ್ಮೆ ನೀರಿಗೆ, ಒಮ್ಮೆ ಕಾಂಡಕ್ಕೆ ಬಡಿದು ಸೀದಾ ಹಿಂದಿರುಗಿ, ಮುಳುಗಿದ ಜಾಗವೇ ಒಣಗಿದ ಜಾಗಕ್ಕಿಂತ ಬೆಳ್ಳಗೆ ತೋರುತ್ತದೆ. ಪಟ್ಟಣದ ಗೋಡೆಗಳ ನಡುವೆಯೂ ಇದೇ ಕಥೆ. ಟಾರು ರಸ್ತೆ, ವಿಮಾನ ನಿಲ್ದಾಣದ ಓಡುದಾರಿ, ಮರಳು ಬಯಲು ಯಾವ ನೆರೆಯೂ ಇಲ್ಲದೆ ಕಪ್ಪಾಗಿರುತ್ತವೆ. ಆದ್ದರಿಂದ ನೆರೆಯ ಚಿತ್ರವನ್ನು ಒಂಟಿಯಾಗಿ ಓದದೆ, ಅದೇ ಕಕ್ಷೆಯಿಂದ ನೆರೆಗೆ ಮೊದಲು ತೆಗೆದ ಚಿತ್ರದ ಪಕ್ಕದಲ್ಲಿಟ್ಟು ಓದಬೇಕು.

ಸಮುದ್ರದ ಮೇಲೆ ಚೆಲ್ಲಿದ ತೈಲವನ್ನೂ ಸಾರ್ ಹಿಡಿಯುತ್ತದೆ, ಏಕೆಂದರೆ ತೈಲದ ಪೊರೆ ಕಿರು ಅಲೆಗಳನ್ನು ಅದುಮಿ ನೀರನ್ನು ನುಣುಪಾಗಿಸುತ್ತದೆ. ಗಾಳಿಯೇ ಇಲ್ಲದಿದ್ದರೆ ಸುತ್ತಲಿನ ನೀರೂ ನುಣುಪಾಗಿ ವ್ಯತ್ಯಾಸ ಅಳಿಸಿಹೋಗುತ್ತದೆ.

ನೀರಿನ ಮಟ್ಟ ಮತ್ತು ಪ್ರಮಾಣವನ್ನು ಹೇಗೆ ಅಳೆಯುತ್ತಾರೆ?

ನೇರ ಕೆಳಗೆ ರಾಡಾರ್ ಸ್ಪಂದನ ಬಿಟ್ಟು ಅದು ಮರಳುವ ಸಮಯದಿಂದ ಎತ್ತರ ಕಂಡುಹಿಡಿಯುವ ಕೆಲಸವನ್ನು 1992ರ ಟೋಪೆಕ್ಸ್-ಪೊಸೈಡನ್‌ನಿಂದ ಹಿಡಿದು ಜೇಸನ್ ಸರಣಿ, ಸೆಂಟಿನೆಲ್-6ರವರೆಗಿನ ಉಪಗ್ರಹಗಳು ಹತ್ತು ದಿನಕ್ಕೊಮ್ಮೆ ಒಂದೇ ಜಾಡಿನಲ್ಲಿ ಮಾಡುತ್ತ ಬಂದಿವೆ. ಸಾಗರಕ್ಕೆಂದು ಹುಟ್ಟಿದ ಈ ವಿಧಾನ ಒಳನಾಡಿನಲ್ಲಿ ಉಪಗ್ರಹದ ಜಾಡು ಹಾದುಹೋದ ಕೆರೆಗಷ್ಟೇ ದಕ್ಕುತ್ತದೆ. ಎರಡು ಜಾಡುಗಳ ನಡುವೆ ಬಿದ್ದ ಕೆರೆಯ ಪಾಲಿಗೆ ಆ ಉಪಗ್ರಹ ಇದ್ದೂ ಇಲ್ಲದಂತೆ.

ನಾಸಾ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸೇರಿ 2022ರ ಡಿಸೆಂಬರ್ 16ರಂದು ಹಾರಿಸಿದ ಸ್ವಾಟ್ ಈ ಚಿತ್ರವನ್ನು ಬದಲಿಸಿತು. ಹತ್ತು ಮೀಟರ್ ಉದ್ದದ ತೋಳಿನ ಎರಡು ತುದಿಗಳಲ್ಲಿ ಆಂಟೆನಾ ಇಟ್ಟು, ಒಂದೇ ಪ್ರತಿಧ್ವನಿಯನ್ನು ಎರಡು ಕಡೆ ಕೇಳಿಸಿಕೊಂಡು, ಎರಡರ ನಡುವಿನ ಸೂಕ್ಷ್ಮ ವ್ಯತ್ಯಾಸದಿಂದ ಅದು ನೀರಿನ ಮೇಲ್ಮೈಯ ಎತ್ತರವನ್ನು 120 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಬರೆದಿಡುತ್ತದೆ. ನೂರು ಮೀಟರಿಗಿಂತ ಅಗಲವಾದ ನದಿಗಳೂ, ಬದಿಗೆ 250 ಮೀಟರಿಗಿಂತ ದೊಡ್ಡದಾದ ಕೆರೆಗಳೂ ಅದರ ಗುರಿಯೊಳಗಿವೆ. ನದಿಯ ಮೇಲ್ಮೈಯ ಇಳಿಜಾರೂ ಸಿಗುವುದರಿಂದ ಹರಿವಿನ ಅಂದಾಜಿಗೆ ದಾರಿಯಾಗಿದೆ. ಪೂರ್ತಿ ಕಕ್ಷಾಚಕ್ರ 21 ದಿನದ್ದಾದ್ದರಿಂದ ಎರಡು ದಿನದಲ್ಲಿ ಬಂದು ಹೋಗುವ ನೆರೆಯ ತುದಿಮಟ್ಟವನ್ನು ಇದು ಹಿಡಿದೇ ಹಿಡಿಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಜಲಾಶಯದ ಸಂಗ್ರಹದ ಏರಿಳಿತ ತಿಳಿಯಲು ಬೇರೆ ಬೇರೆ ದಿನಗಳ ನೀರಿನ ಹರವನ್ನೂ ಆಯಾ ದಿನದ ಮಟ್ಟವನ್ನೂ ಜೋಡಿಸಿ ವಕ್ರರೇಖೆ ಎಳೆಯುತ್ತಾರೆ. ಬೇಸಿಗೆಯ ಅತಿ ಕಡಿಮೆ ಮಟ್ಟಕ್ಕಿಂತ ಕೆಳಗೆ ಎಷ್ಟು ನೀರಿದೆ ಎಂಬುದು ಈ ರೇಖೆಯಿಂದ ತಿಳಿಯುವುದಿಲ್ಲ, ಏಕೆಂದರೆ ಆ ತಳವನ್ನು ಯಾವ ಚಿತ್ರವೂ ಬರಿದಾಗಿ ಕಂಡಿಲ್ಲ.

ನೆಲದಡಿಯ ನೀರನ್ನು ಉಪಗ್ರಹ ಕಾಣಬಲ್ಲದೇ?

ಕಾಣಲಾರದು, ತೂಗಬಲ್ಲದು. 2002ರಲ್ಲಿ ಹಾರಿದ ಗ್ರೇಸ್ ಉಪಗ್ರಹಗಳ ಜೋಡಿಯಂತೆಯೇ, 2018ರಲ್ಲಿ ಅದರ ಜಾಗಕ್ಕೆ ಬಂದ ಜೋಡಿಯೂ ಒಂದರ ಹಿಂದೊಂದು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಸಾಗುತ್ತವೆ. ಕೆಳಗೆ ದ್ರವ್ಯರಾಶಿ ಹೆಚ್ಚಿದ್ದ ಕಡೆ ಮುಂದಿನದು ಮೊದಲು ಸೆಳೆಯಲ್ಪಟ್ಟು ಅಂತರ ಚೂರು ಹಿಗ್ಗುತ್ತದೆ. ಆ ಹಿಗ್ಗುಕುಗ್ಗನ್ನು ಮೈಕ್ರೋಮೀಟರ್ ಮಟ್ಟದಲ್ಲಿ ಅಳೆದು ತಿಂಗಳಿಂದ ತಿಂಗಳಿಗೆ ನೀರಿನ ಒಟ್ಟು ತೂಕ ಹೇಗೆ ಬದಲಾಯಿತೆಂದು ಲೆಕ್ಕ ಹಾಕುತ್ತಾರೆ. ಅದರಿಂದ ಮಣ್ಣಿನ ತೇವ, ಹಿಮ, ಕೆರೆನದಿಗಳ ಪಾಲನ್ನು ಕಳೆದರೆ ಅಂತರ್ಜಲದ ಬದಲಾವಣೆ ಉಳಿಯುತ್ತದೆ. ರಾಜಸ್ಥಾನ, ಪಂಜಾಬ್, ಹರಿಯಾಣ ಪ್ರದೇಶದಲ್ಲಿ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಹೋಗಿದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಈ ದಾರಿಯಲ್ಲೇ ಕಂಡುಕೊಂಡದ್ದು. ಸ್ಫುಟತೆ ಮೂರ್ನಾಲ್ಕು ನೂರು ಕಿಲೋಮೀಟರ್ ಆದ್ದರಿಂದ ನಿಮ್ಮ ಕೊಳವೆಬಾವಿಯ ಸ್ಥಿತಿಯನ್ನು ಗ್ರೇಸ್ ಹೇಳುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ನೀರಿನ ಉಷ್ಣಾಂಶ?

ಸಿಗುತ್ತದೆ, ಆದರೆ ಅದು ಚರ್ಮದ ಉಷ್ಣಾಂಶ. ಉಷ್ಣ ಅವಕೆಂಪು ಕಿರಣ ಹೊರಡುವುದು ನೀರಿನ ಮೇಲಿನ ಕೂದಲೆಳೆಗಿಂತಲೂ ತೆಳುವಾದ ಪದರದಿಂದ. ಗಾಳಿಯಿಲ್ಲದ ಮಧ್ಯಾಹ್ನ ಮೇಲಿನ ಪದರ ಕಾದು, ಒಂದು ಮೀಟರ್ ಕೆಳಗಿನ ಉಷ್ಣಮಾಪಕ ಬೇರೆಯೇ ಅಂಕಿ ತೋರಿಸಬಹುದು. ಅಂಥ ಸಂದರ್ಭದಲ್ಲಿ ಎರಡೂ ಸರಿಯೇ.

ಇಷ್ಟೆಲ್ಲ ಇದ್ದ ಮೇಲೆ ದೋಣಿಯಲ್ಲಿ ಹೋಗಿ ನೀರು ತುಂಬಿಕೊಂಡು ಬರುವುದು ಏಕೆ?

ಬೆಳಕನ್ನು ಪಾಚಿಯ ಅಂಕಿಯನ್ನಾಗಿ ಮಾಡುವ ಸೂತ್ರಕ್ಕೆ ಬೇರೆ ಆಧಾರವೇ ಇಲ್ಲದ್ದರಿಂದ. ಕೆಲಸ ಹೀಗೆ ನಡೆಯುತ್ತದೆ: ಉಪಗ್ರಹ ಬೆಳಿಗ್ಗೆ ಸುಮಾರು ಹತ್ತೂವರೆಗೆ ಹಾದುಹೋಗುವುದಿದ್ದರೆ ಒಂಬತ್ತಕ್ಕೇ ದೋಣಿ ನೀರಿನ ಮಧ್ಯೆ ಇರಬೇಕು. ಹುಟ್ಟು ನಿಲ್ಲಿಸಿ, ದೋಣಿಯ ನೆರಳು ಬೀಳದ ಮಗ್ಗುಲಿನಲ್ಲಿ ರೇಡಿಯೋಮಾಪಕವನ್ನು ನೀರಿನತ್ತ, ಆಕಾಶದತ್ತ, ಬಿಳಿ ಫಲಕದತ್ತ ಸರದಿಯಂತೆ ಹಿಡಿಯುತ್ತಾರೆ. ಸೆಚ್ಚಿ ತಟ್ಟೆ ಇಳಿಸಿ, ಅದು ಮರೆಯಾದ ಆಳವನ್ನೂ ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಬರೆದುಕೊಂಡು ಸರಾಸರಿ ಹಿಡಿಯುತ್ತಾರೆ. ನೀರನ್ನು ಕಪ್ಪು ಬಾಟಲಿಗೆ ತುಂಬಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುತ್ತಾರೆ, ಬಿಸಿಲು ತಾಗಿದರೆ ಕ್ಲೋರೊಫಿಲ್ ಒಡೆಯುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಗಾಜಿನ ನಾರಿನ ಶೋಧಕದಲ್ಲಿ ಸೋಸಿ, ಹಸಿರು ಮೆತ್ತಿದ ಆ ಬಿಲ್ಲೆಯನ್ನು ಅಸಿಟೋನ್‌ನಲ್ಲಿ ಕತ್ತಲೆಯಲ್ಲಿ ನೆನೆಸಿ ವರ್ಣದ್ರವ್ಯವನ್ನು ಎಳೆಯುತ್ತಾರೆ. ಇಷ್ಟಾದ ಮೇಲೆ ಬರುವ ಒಂದು ಅಂಕಿಯನ್ನು ಉಪಗ್ರಹದ ಚಿತ್ರದಲ್ಲಿ ಅದೇ ಬಿಂದುವಿನ ಸುತ್ತಲ ಒಂಬತ್ತು ಪಿಕ್ಸೆಲ್‌ಗಳ ಮಧ್ಯಮಾನದೊಂದಿಗೆ ಹೋಲಿಸುತ್ತಾರೆ. ಸಾಗರದಲ್ಲಿ ಎರಡರ ನಡುವೆ ಮೂರು ಗಂಟೆಯ ಅಂತರವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಗಾಳಿಗೆ ಪಾಚಿ ಸರಿದಾಡುವ ಕೆರೆಯಲ್ಲಿ ನಾನು ಅಷ್ಟು ಉದಾರನಾಗುವುದಿಲ್ಲ.

ಜಲಾಶಯವೊಂದರ ಹಿನ್ನೀರಿನ ಮೂಲೆಯಲ್ಲಿ ನಮ್ಮ ನಕ್ಷೆ ಒಮ್ಮೆ ಕ್ಲೋರೊಫಿಲ್ ವಿಪರೀತ ಏರಿದೆಯೆಂದು ತೋರಿಸಿತು. ಎಚ್ಚರಿಕೆಯ ಟಿಪ್ಪಣಿಯನ್ನೂ ಬರೆದು ಮುಗಿಸಿದ್ದೆವು. ಮರುದಿನ ದೋಣಿ ಅಲ್ಲಿಗೆ ತಲುಪುವ ಮೊದಲೇ ನಿಂತಿತು, ಹುಟ್ಟು ಹಾಕಲು ನೀರೇ ಕಾಣಲಿಲ್ಲ. ಅಲ್ಲಿದ್ದದ್ದು ಜಲಕಳೆಯ ದಪ್ಪ ಚಾಪೆ, ನೇರಳೆ ಹೂವಿನ ಸಮೇತ. ಅದೂ ಹಸಿರೇ, ಅದರಲ್ಲಿಯೂ ಕ್ಲೋರೊಫಿಲ್ ಇದೆ, ಸೂತ್ರದ ಪ್ರಕಾರ ಉತ್ತರ ಸರಿಯೇ ಇತ್ತು.

ಮುನ್ಸೂಚನೆ ಕೊಡುವುದು ಹೇಗೆ? ಚಿತ್ರವು ಈಗಿನ ಸ್ಥಿತಿಯನ್ನಲ್ಲವೇ ತೋರಿಸುವುದು?

ಹೌದು. ಚಿತ್ರವೆಂಬುದು ಹಾದುಹೋದ ಕ್ಷಣದ ದಾಖಲೆ. ನಿಮ್ಮ ಕೈಗೆ ಸಿಗುವ ಹೊತ್ತಿಗೆ ಅದು ಆಗಲೇ ಹಳತಾಗಿರುತ್ತದೆ. ನಾಳೆಯ ಮಾತನ್ನು ಹೇಳುವುದು ಗಣಿತ ಮಾದರಿ. ಗಾಳಿ, ಬಿಸಿಲು, ಒಳಹರಿವು, ಉಷ್ಣಾಂಶಗಳನ್ನು ತೆಗೆದುಕೊಂಡು ನೀರಿನ ಚಲನೆಯನ್ನೂ ಪಾಚಿಯ ಬೆಳವಣಿಗೆಯನ್ನೂ ಅದು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. ಬಿಟ್ಟರೆ ಅದು ದಿನದಿಂದ ದಿನಕ್ಕೆ ವಾಸ್ತವದಿಂದ ದೂರ ಸರಿಯುತ್ತದೆ. ಹೊಸ ಚಿತ್ರ ಬಂದಾಗಲೆಲ್ಲ ಮಾದರಿಯ ಸ್ಥಿತಿಯನ್ನು ಚಿತ್ರದ ಕಡೆಗೆ ಸ್ವಲ್ಪ ಎಳೆದು ಸರಿಪಡಿಸುವ ಕೆಲಸಕ್ಕೆ ದತ್ತಾಂಶ ಸಮೀಕರಣ ಎನ್ನುತ್ತಾರೆ. ಎಷ್ಟು ಎಳೆಯಬೇಕೆಂಬುದನ್ನು ಮಾದರಿಯ ತಪ್ಪು ದೊಡ್ಡದೋ ಚಿತ್ರದ ತಪ್ಪು ದೊಡ್ಡದೋ ಎಂಬ ತುಲನೆ ತೀರ್ಮಾನಿಸುತ್ತದೆ; 1960ರಲ್ಲಿ ಕಾಲ್ಮನ್ ರೂಪಿಸಿದ ‘ಶೋಧಕ’ ಎಂಬ ಗಣಿತ ವಿಧಾನ ಮತ್ತು ಅದರ ಸಂತತಿಯ ತಿರುಳು ಇದೇ. ಚಿತ್ರದ ತಪ್ಪೆಷ್ಟು ಎಂದು ತಿಳಿಸುವುದು ಮತ್ತೆ ಆ ದೋಣಿಯ ಬಾಟಲಿಗಳೇ.

ಉತ್ತರ ಅಮೆರಿಕದ ಈರಿ ಸರೋವರದ ಉದಾಹರಣೆ ನೋಡಿ. 2014ರ ಆಗಸ್ಟ್‌ನಲ್ಲಿ ಅದರ ಪಶ್ಚಿಮ ಭಾಗದ ಸಯನೋಬ್ಯಾಕ್ಟೀರಿಯಾದ ವಿಷ ಟೊಲೆಡೊ ನಗರದ ನೀರಿನ ಸರಬರಾಜಿಗೆ ಸೇರಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿಯ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಕುದಿಸಿದರೆ ಆ ವಿಷ ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ. ಅಲ್ಲಿ ಸಾಗರ ಮತ್ತು ಹವಾಮಾನ ನೋಡಿಕೊಳ್ಳುವ ಅಮೆರಿಕದ ನೋವಾ ಸಂಸ್ಥೆ ಎರಡು ಬಗೆಯ ಮುನ್ಸೂಚನೆ ಕೊಡುತ್ತದೆ. ಮೊದಲನೆಯದು ಋತುವಿನದು: ಮಾರ್ಚ್‌ನಿಂದ ಜುಲೈವರೆಗೆ ಮಾಮಿ ನದಿ ಹೊಲಗಳಿಂದ ಹೊತ್ತು ತರುವ ರಂಜಕದ ಪ್ರಮಾಣದಿಂದ ಆ ಬೇಸಿಗೆಯ ಪಾಚಿ ಎಷ್ಟು ಜೋರಾಗಿರಬಹುದು ಎಂಬ ಅಂದಾಜು. ಎರಡನೆಯದು ಕೆಲವೇ ದಿನಗಳದು: ಉಪಗ್ರಹ ಚಿತ್ರದಲ್ಲಿ ಕಂಡ ಪಾಚಿಯ ಹರವನ್ನು ಕಣಗಳಂತೆ ಮಾದರಿಯ ಪ್ರವಾಹದಲ್ಲಿ ತೇಲಿಬಿಟ್ಟು ಅದು ಎತ್ತ ಸರಿಯುತ್ತದೆ ಎಂದು ನೋಡುವುದು. ಗಾಳಿ ಸೆಕೆಂಡಿಗೆ ಏಳೆಂಟು ಮೀಟರ್ ದಾಟಿದರೆ ಮೇಲಿನ ಕೆನೆ ಕಲಕಿ ಕೆಳಗಿಳಿದು ಚಿತ್ರದಲ್ಲಿ ಪಾಚಿ ಕಡಿಮೆಯಾದಂತೆ ಕಾಣುತ್ತದೆ. ಗಾಳಿ ನಿಂತರೆ ಕೋಶಗಳೊಳಗಿನ ಗಾಳಿಚೀಲಗಳ ಬಲದಿಂದ ಅದು ಮತ್ತೆ ಮೇಲೇಳುತ್ತದೆ. ಈ ಸಂಗತಿ ತಿಳಿಯದ ಮಾದರಿ ಬಿರುಗಾಳಿಯ ಮರುದಿನ ‘ಪಾಚಿ ಹೋಯಿತು’ ಎಂದು ಸುಳ್ಳು ಸಮಾಧಾನ ಹೇಳುತ್ತದೆ.

ನೆರೆಯ ಮುನ್ಸೂಚನೆಯಲ್ಲಿ ಸರಪಳಿ ಬೇರೆ. ಜಿಪಿಎಂ ಉಪಗ್ರಹಕೂಟದಿಂದ ಅರ್ಧ ಗಂಟೆಗೊಮ್ಮೆ ಸಿಗುವ ಮಳೆಯ ಅಂದಾಜು, ಸ್ಮ್ಯಾಪ್‌ನಂಥ ಉಪಗ್ರಹಗಳು ಕೊಡುವ ಮೇಲ್ಮಣ್ಣಿನ ತೇವ, ಹವಾಮಾನ ಮಾದರಿಯ ಮುಂದಿನ ದಿನಗಳ ಮಳೆ ಎಲ್ಲವೂ ಸೇರಿ ನದಿಯ ಹರಿವಿನ ಮಾದರಿಗೆ ಹೋಗುತ್ತವೆ. ಬಳಿಕ ಸಾರ್ ಚಿತ್ರ ಬಂದು, ಮುಳುಗುತ್ತದೆ ಎಂದ ಜಾಗ ನಿಜಕ್ಕೂ ಮುಳುಗಿತೇ ಎಂದು ಪರೀಕ್ಷಿಸುತ್ತದೆ.

ಯಂತ್ರಕಲಿಕೆ ಬಂದ ಮೇಲೆ ಇವೆಲ್ಲ ಬೇಕೇ?

ಬೇಕು. ದೊಡ್ಡ ದತ್ತಾಂಶ ಸಂಗ್ರಹದ ಮೇಲೆ ಕಲಿತ ನರಜಾಲಗಳು ಹಳೆಯ ಬ್ಯಾಂಡ್ ಅನುಪಾತದ ಸೂತ್ರಗಳನ್ನು ಹಲವು ಕಡೆ ಹಿಂದಿಕ್ಕಿವೆ, ನದಿಯ ಹರಿವಿನ ಮುನ್ಸೂಚನೆಯಲ್ಲಿ, ಹಿಂದಿನ ದಿನಗಳ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ದೀರ್ಘಸ್ಮೃತಿಯ ಜಾಲಗಳ ಸಾಧನೆ ನಿಜವಾಗಿಯೂ ದೊಡ್ಡದು. ನನ್ನ ತಕರಾರು ಇರುವುದು ಅವುಗಳನ್ನು ಪರೀಕ್ಷಿಸುವ ರೀತಿಯ ಬಗ್ಗೆ. ಒಂದೇ ದಿನ ಒಂದೇ ಕೆರೆಯಿಂದ ತಂದ ಇಪ್ಪತ್ತು ಸ್ಯಾಂಪಲ್‌ಗಳನ್ನು ಚೀಟಿ ಎತ್ತಿದಂತೆ ಕಲಿಕೆಗೆ ಹದಿನಾರು, ಪರೀಕ್ಷೆಗೆ ನಾಲ್ಕು ಎಂದು ಹಂಚಿದರೆ, ಪರೀಕ್ಷೆಯ ನಾಲ್ಕಕ್ಕೂ ಕಲಿಕೆಯ ಗುಂಪಿನಲ್ಲಿ ಅವಳಿಗಳಿರುತ್ತವೆ. ಹಾಗಾಗಿ ನಿಖರತೆ ಬೆರಗುಗೊಳಿಸುವಂತೆ ಬರುತ್ತದೆ, ಬೇರೆ ಕೆರೆಗೆ ಹೋದೊಡನೆ ಕುಸಿಯುತ್ತದೆ. ಪೂರ್ತಿ ಒಂದು ಕೆರೆಯನ್ನೋ ಪೂರ್ತಿ ಒಂದು ವರ್ಷವನ್ನೋ ಪಕ್ಕಕ್ಕಿಟ್ಟು ಪರೀಕ್ಷಿಸಿದ ಫಲಿತಾಂಶವನ್ನೇ ಕೇಳಿ ಪಡೆಯಬೇಕು. ‘ನಾಳೆಯೂ ಇಂದಿನಂತೆಯೇ’ ಎಂಬ ಸೋಮಾರಿ ಊಹೆಯನ್ನೂ ಹೋಲಿಕೆಗೆ ಇಟ್ಟಿದ್ದಾರೆಯೇ ನೋಡಿ. ಕೆರೆಯ ಸ್ಥಿತಿ ದಿನದಿಂದ ದಿನಕ್ಕೆ ನಿಧಾನವಾಗಿ ಬದಲಾಗುವುದರಿಂದ ಆ ಊಹೆಯನ್ನು ಸೋಲಿಸುವುದು ಎಣಿಸಿದಷ್ಟು ಸುಲಭವಲ್ಲ.

ನಕ್ಷೆಯಲ್ಲಿ ಕೆಂಪು ಕಂಡರೆ ನೀರು ವಿಷವೇ?

ಹಾಗೆಂದು ಹೇಳಲಾಗದು. ಬಣ್ಣ ತೋರಿಸುವುದು ಪಾಚಿಯ ಪ್ರಮಾಣವನ್ನು, ವಿಷಕ್ಕೆ ಬಣ್ಣವಿಲ್ಲ. ಒಂದೇ ಜಾತಿಯ ಸಯನೋಬ್ಯಾಕ್ಟೀರಿಯಾದಲ್ಲಿ ಕೆಲವು ತಳಿಗಳು ವಿಷ ತಯಾರಿಸುತ್ತವೆ, ಕೆಲವು ಇಲ್ಲ. ಕುಡಿಯುವ ನೀರಿನಲ್ಲಿ ದೀರ್ಘಕಾಲಕ್ಕೆ ಲೀಟರಿಗೆ 1 ಮೈಕ್ರೋಗ್ರಾಂ ಮೈಕ್ರೋಸಿಸ್ಟಿನ್ (ಸಯನೋಬ್ಯಾಕ್ಟೀರಿಯಾದ ಒಂದು ವಿಷ) ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿಯನ್ನು ಪ್ರಯೋಗಾಲಯ ಮಾತ್ರ ಪರೀಕ್ಷಿಸಬಲ್ಲದು. ಆ ಪರೀಕ್ಷೆಗೆ ನೀರನ್ನು ಎಲ್ಲಿಂದ, ಯಾವ ದಿನ ತರಬೇಕೆಂಬುದನ್ನು ನಕ್ಷೆ ಹೇಳುತ್ತದೆ, ಮತ್ತು ಅದೇನೂ ಸಣ್ಣ ಉಪಕಾರವಲ್ಲ.

ಹಳೆಯ ಚಿತ್ರಗಳಿಂದ ಏನು ಉಪಯೋಗ?

ನೀರಿನ ಹರವಿನ ವಿಷಯದಲ್ಲಿ ಅಪಾರ. ಅಮೆರಿಕ 2008ರಲ್ಲಿ ಲ್ಯಾಂಡ್‌ಸ್ಯಾಟ್ ಭಂಡಾರವನ್ನು ಎಲ್ಲರಿಗೂ ಉಚಿತವಾಗಿ ತೆರೆದದ್ದರಿಂದ ಮೂವತ್ತು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಜಾಲಾಡಿ 1984ರಿಂದ 2015ರವರೆಗೆ ಭೂಮಿಯ ಮೇಲ್ಮೈ ನೀರಿನ ಚರಿತ್ರೆ ಬರೆಯಲು ಸಾಧ್ಯವಾಯಿತು. 2016ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಸುಮಾರು 90,000 ಚದರ ಕಿಲೋಮೀಟರ್ ಶಾಶ್ವತ ನೀರು ಮಾಯವಾಗಿದೆ, 1,84,000 ಚದರ ಕಿಲೋಮೀಟರ್ ಹೊಸದಾಗಿ ಹುಟ್ಟಿದೆ. ಹುಟ್ಟಿದ್ದರಲ್ಲಿ ಬಹುಪಾಲು ಅಣೆಕಟ್ಟೆಗಳ ಹಿನ್ನೀರು. ಕಳೆದುಹೋದದ್ದರಲ್ಲಿ ಅರಲ್ ಸಮುದ್ರದ ಪಾಲು ದೊಡ್ಡದು. ಹಾಗಾಗಿ ಎರಡು ಅಂಕಿಗಳನ್ನು ಕೂಡಿ ಕಳೆದು ಒಟ್ಟಾರೆ ಲಾಭ ಎನ್ನುವವರಿಗೆ ಅರಲ್‌ನ ಒಣ ತಳದಲ್ಲಿ ನಿಂತ ದೋಣಿಗಳ ಚಿತ್ರ ತೋರಿಸಬೇಕು.

ನಾನು ಒಂದು ಕೆರೆಯನ್ನು ಸ್ವಂತವಾಗಿ ಗಮನಿಸಬೇಕೆಂದರೆ ಎಲ್ಲಿಂದ ಆರಂಭಿಸಲಿ?

ನೀರಿನ ಹರವಿನಿಂದ ಆರಂಭಿಸಿ, ಗುಣಮಟ್ಟದಿಂದಲ್ಲ. ಕೊಪರ್ನಿಕಸ್ ದತ್ತಾಂಶ ತಾಣದಿಂದ ಸೆಂಟಿನೆಲ್-2 ಚಿತ್ರಗಳನ್ನೂ, ಇಸ್ರೋದ ಭೂನಿಧಿಯಿಂದ ಭಾರತೀಯ ಉಪಗ್ರಹಗಳ ಹಲವು ಚಿತ್ರಗಳನ್ನೂ ಉಚಿತವಾಗಿ ಪಡೆಯಬಹುದು. ನಕ್ಷೆಗಳ ಮೇಲೆ ಕೆಲಸ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ. ಹಸಿರು ಬ್ಯಾಂಡಿನಿಂದ ಸಮೀಪ ಅವಕೆಂಪನ್ನು ಕಳೆದು ಎರಡರ ಮೊತ್ತದಿಂದ ಭಾಗಿಸಿದರೆ 1996ರಲ್ಲಿ ಮ್ಯಾಕ್‌ಫೀಟರ್ಸ್ ಸೂಚಿಸಿದ ಜಲಸೂಚ್ಯಂಕ ಸಿಗುತ್ತದೆ. ನೀರು ಸಾಮಾನ್ಯವಾಗಿ ಸೊನ್ನೆಗಿಂತ ಮೇಲೆ, ನೆಲ ಕೆಳಗೆ ಬರುತ್ತದೆ. ಕಟ್ಟಡಗಳು ಸುತ್ತುವರಿದ ಕೆರೆಯಾದರೆ ಅವಕೆಂಪಿನ ಬದಲು ಕಿರುತರಂಗ ಅವಕೆಂಪು ಬಳಸುವ 2006ರ ಪರಿಷ್ಕೃತ ಸೂಚ್ಯಂಕ ಮೇಲು. ಸೊನ್ನೆಯನ್ನೇ ಗಡಿಯೆಂದು ಕಣ್ಣುಮುಚ್ಚಿ ನಂಬದೆ ದಡದ ಒಂದೆರಡು ಕಡೆ ನಿಂತು ಫೋನಿನಲ್ಲಿ ನೀರಿನಂಚಿನ ಸ್ಥಾನ ಗುರುತಿಸಿಕೊಂಡು ಬಂದು ಗಡಿಯನ್ನು ಹೊಂದಿಸಿ.

ಎರಡು ಮಳೆಗಾಲ, ಎರಡು ಬೇಸಿಗೆ ಹೀಗೆ ಕಳೆದ ಮೇಲೆ ಬಗ್ಗಡಕ್ಕೆ ಬನ್ನಿ, ಅದು ಕ್ಲೋರೊಫಿಲ್‌ಗಿಂತ ಸುಲಭ. ಇಪ್ಪತ್ತು ಸೆಂಟಿಮೀಟರ್ ಅಗಲದ ತಟ್ಟೆಯೊಂದಕ್ಕೆ ಕಪ್ಪುಬಿಳಿ ಕಾಲುಭಾಗಗಳ ಬಣ್ಣ ಬಳಿದು, ನಡುವೆ ತೂತು ಕೊರೆದು, ಗಂಟು ಹಾಕಿದ ಹಗ್ಗಕ್ಕೆ ಕಟ್ಟಿದರೆ ಸೆಚ್ಚಿ ತಟ್ಟೆ ಸಿದ್ಧ. ಉಪಗ್ರಹ ಬರುವ ದಿನಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು ಆ ಬೆಳಗಿನಲ್ಲೇ ಅಳೆಯಿರಿ, ಮತ್ತು ತಟ್ಟೆ ಮರೆಯಾದ ಆಳದ ಪಕ್ಕದಲ್ಲಿ ಆಕಾಶದಲ್ಲಿ ಮೋಡವಿತ್ತೇ, ನೀರಿನ ಮೇಲೆ ಗಾಳಿ ಎಷ್ಟಿತ್ತು ಎಂಬುದನ್ನೂ ಬರೆಯಿರಿ.